ಸಿಂಹ ಪಾರಾಯಿತು, ಆಮೇಲೆ?

ಕಾಡುಪ್ರಾಣಿಯನ್ನು ಮನುಷ್ಯನ ಹಿಡಿತದಿಂದ ಬಿಡಿಸುವ ಕಥೆಗಳಿಗೆ ಎಲ್ಲ ಕಾಲದಲ್ಲೂ ಓದುಗರಿದ್ದಾರೆ, ನೋಡುಗರಿದ್ದಾರೆ. ಇಂಥ ಕಥೆಗಳು ಸಾಮಾನ್ಯವಾಗಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಬೋನಿನ ಬಾಗಿಲು ತೆರೆಯುತ್ತದೆ. ಪ್ರಾಣಿ ಒಂದು ಗಳಿಗೆ ಅನುಮಾನಿಸಿ ಹೊರಗೆ ಹೆಜ್ಜೆ ಇಡುತ್ತದೆ. ಹಿನ್ನೆಲೆ ಸಂಗೀತ ಏರುತ್ತದೆ, ನೋಡುವವರ ಕಣ್ಣು ಒದ್ದೆಯಾಗುತ್ತದೆ, ಕಥೆ ಮುಗಿಯುತ್ತದೆ. ಆದರೆ ಸರ್ಕಸ್ಸಿನಿಂದಲೋ ಖಾಸಗಿ ಮೃಗಾಲಯದಿಂದಲೋ ಪಾರಾಗಿ ಬಂದ ಹುಲಿ ಅಥವಾ ಸಿಂಹದ ಬದುಕು ಅಲ್ಲಿಗೆ ಮುಗಿಯುವುದಿಲ್ಲ. ಅದು ಇನ್ನೂ ಹತ್ತೋ ಹದಿನೈದೋ ವರ್ಷ ಎಲ್ಲೋ ಒಂದು ಬೇಲಿಯೊಳಗೆ ತಿನ್ನುತ್ತಾ, ಮಲಗುತ್ತಾ, ಮುದಿಯಾಗುತ್ತಾ ಬದುಕಬೇಕು. ಆ ವರ್ಷಗಳ ಬಗ್ಗೆ ನಮ್ಮ ಪುಸ್ತಕ, ಸಿನಿಮಾ, ಧಾರಾವಾಹಿಗಳು ಏನು ಹೇಳುತ್ತವೆ ಎಂದು ಹುಡುಕಿದರೆ ಸಿಗುವುದು ಬಹಳ ಕಡಿಮೆ.

ಈ ಮೌನಕ್ಕೆ ಕಾರಣವಿದೆ. ಪಾರು ಮಾಡುವ ಕಥೆಗೆ ಒಬ್ಬ ನಾಯಕನೋ ನಾಯಕಿಯೋ ಸಿಗುತ್ತಾರೆ. ಪಾರಾದ ಮೇಲಿನ ಬದುಕಿನಲ್ಲಿ ಇರುವುದು ಮಾಂಸದ ಲೆಕ್ಕ, ಔಷಧಿ, ನೌಕರರ ಸಂಬಳ, ಬೇಲಿಯ ದುರಸ್ತಿ ಮತ್ತು ಕೊನೆಗೊಂದು ಸಾವು. ಇದರಿಂದ ಸಿನಿಮಾ ಮಾಡುವುದು ಕಷ್ಟ. ಹೀಗಾಗಿ ಕರುಣೆಯ ಅತ್ಯಂತ ರೋಚಕ ಕ್ಷಣವನ್ನಷ್ಟೇ ನಾವು ನೋಡುತ್ತೇವೆ, ಅದರ ದೀರ್ಘವಾದ ಹೊಣೆಯನ್ನು ನೋಡುವುದಿಲ್ಲ. ಕಳೆದ ಅರುವತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಜನ ಮೆಚ್ಚಿದ ಮೂರು ಕಥೆಗಳನ್ನು ಈ ದೃಷ್ಟಿಯಿಂದ ಮತ್ತೆ ನೋಡುವುದು ಇಲ್ಲಿನ ಉದ್ದೇಶ. ಮೊದಲ ಎರಡು ಕೀನ್ಯಾ ಮತ್ತು ಇಂಗ್ಲೆಂಡಿಗೆ ಸೇರಿದವು, ಮೂರನೆಯದು ಅಮೆರಿಕಾದ್ದು. ಮೊದಲೆರಡರ ಒಂದು ಎಳೆ ನಮ್ಮ ಬನ್ನೇರುಘಟ್ಟದವರೆಗೂ ಬಂದು ಮುಟ್ಟಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಎಲ್ಸಾಳ ಕಥೆ ಬಿಟ್ಟುಹೋದದ್ದು

1956ರಲ್ಲಿ ಕೀನ್ಯಾದ ಉತ್ತರ ಭಾಗದಲ್ಲಿ ವನ್ಯಜೀವಿ ವಾರ್ಡನ್ ಆಗಿದ್ದ ಜಾರ್ಜ್ ಆಡಮ್ಸನ್ ತನ್ನ ಮೇಲೆ ಎರಗಿ ಬಂದ ಹೆಣ್ಣುಸಿಂಹವೊಂದನ್ನು ಗುಂಡಿಕ್ಕಿ ಕೊಂದರು. ಅದು ಮರಿಗಳನ್ನು ಕಾಯುತ್ತಿದ್ದ ತಾಯಿ ಎಂಬುದು ಆಮೇಲೆ ತಿಳಿಯಿತು. ಸಿಕ್ಕಿದ ಮೂರು ಮರಿಗಳಲ್ಲಿ ಎರಡನ್ನು ಹಾಲೆಂಡಿನ ರಾಟರ್‌ಡ್ಯಾಮ್ ಮೃಗಾಲಯಕ್ಕೆ ಕಳಿಸಲಾಯಿತು. ಎಲ್ಲಕ್ಕಿಂತ ಚಿಕ್ಕದಾದ ಎಲ್ಸಾ ಮಾತ್ರ ಜಾರ್ಜ್ ಮತ್ತು ಅವರ ಪತ್ನಿ ಜಾಯ್ ಬಳಿ ಉಳಿಯಿತು. ಸಾಕಿ ಬೆಳೆಸಿದ ಈ ಸಿಂಹಕ್ಕೆ ಬೇಟೆಯಾಡಲು ಕಲಿಸಿ ಮರಳಿ ಕಾಡಿಗೆ ಬಿಟ್ಟ ಅನುಭವವನ್ನು ಜಾಯ್ ಆಡಮ್ಸನ್ 1960ರಲ್ಲಿ 'ಬಾರ್ನ್ ಫ್ರೀ' ಎಂಬ ಪುಸ್ತಕವಾಗಿ ಬರೆದರು. 1966ರಲ್ಲಿ ಅದು ಸಿನಿಮಾ ಆಯಿತು, ಸಂಗೀತಕ್ಕೆ ಎರಡು ಆಸ್ಕರ್ ಪ್ರಶಸ್ತಿಗಳೂ ಬಂದವು.

ಸಿಂಹವನ್ನು ಗುಂಡು ಹೊಡೆಯಬೇಕಾದ ಗುರಿಯಾಗಿ, ಗೋಡೆಗೆ ತೂಗುಹಾಕುವ ತಲೆಯಾಗಿ ನೋಡುತ್ತಿದ್ದ ಒಂದು ತಲೆಮಾರಿಗೆ ಅದು ಹೆಸರು, ಸ್ವಭಾವ, ಇಷ್ಟಾನಿಷ್ಟಗಳುಳ್ಳ ಜೀವ ಎಂದು ತೋರಿಸಿದ್ದು ಈ ಪುಸ್ತಕದ ದೊಡ್ಡ ಸಾಧನೆ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪುಸ್ತಕದ ಹೆಸರಿನ ಅರ್ಥ 'ಹುಟ್ಟಿನಿಂದಲೇ ಸ್ವತಂತ್ರ' ಎಂದು. ಎಲ್ಸಾ ಬೆಳೆಯುತ್ತಿದ್ದ ಅದೇ ವರ್ಷಗಳಲ್ಲಿ ಕೀನ್ಯಾದಲ್ಲಿ ಬ್ರಿಟಿಷರ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. 1952ರಿಂದ 1960ರವರೆಗೆ ನಡೆದ ಆ ದಮನದಲ್ಲಿ ಸಾವಿರಾರು ಕಿಕುಯು ಜನರನ್ನು ಬಂಧನ ಶಿಬಿರಗಳಲ್ಲಿ ಕೂಡಿಹಾಕಲಾಗಿತ್ತು. ಆ ದೇಶಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದು 1963ರ ಡಿಸೆಂಬರಿನಲ್ಲಿ. ಸಿಂಹದ ಬಿಡುಗಡೆಗೆ ಕಣ್ಣೀರು ಹಾಕಿದ ಲಂಡನ್ನಿನ ಓದುಗನಿಗೆ ಈ ಇನ್ನೊಂದು ಬಿಡುಗಡೆಯ ಪ್ರಶ್ನೆ ಆ ಪುಟಗಳಲ್ಲಿ ಎದುರಾಗುವುದಿಲ್ಲ. ಆಫ್ರಿಕಾದ ಭೂದೃಶ್ಯವಿದೆ, ಅಲ್ಲಿನ ಪ್ರಾಣಿಗಳಿವೆ, ಅಲ್ಲಿನ ಮನುಷ್ಯರು ಮಾತ್ರ ಬಹುಪಾಲು ಸಾಮಾನು ಹೊರುವವರಾಗಿ, ಅಡುಗೆಯವರಾಗಿ ಅಂಚಿನಲ್ಲಿ ನಿಂತಿದ್ದಾರೆ.

ಎರಡನೆಯ ಮೌನ ಪ್ರಾಣಿಗಳಿಗೇ ಸಂಬಂಧಿಸಿದ್ದು. ಕಾಡಿಗೆ ಮರಳಿದ ಎಲ್ಸಾ ಉಣ್ಣೆಗಳಿಂದ ಹರಡುವ ರೋಗಕ್ಕೆ ತುತ್ತಾಗಿ 1961ರ ಜನವರಿಯಲ್ಲಿ, ಇನ್ನೂ ಐದು ವರ್ಷ ತುಂಬುವ ವಯಸ್ಸಿನಲ್ಲಿ ಸತ್ತಿತು. ಅದರ ಮರಿಗಳು ಹಳ್ಳಿಯವರ ದನಕರುಗಳ ಮೇಲೆ ಬೀಳತೊಡಗಿದಾಗ ಅವನ್ನು ಹಿಡಿದು ದೂರದ ಸೆರೆಂಗೆಟಿಗೆ ಸಾಗಿಸಬೇಕಾಯಿತು. ಇನ್ನು ಸಿನಿಮಾದ ಮಾತು. ಒಂದು ಸಿಂಹದ ಬಿಡುಗಡೆಯನ್ನು ಚಿತ್ರಿಸಲು ಹಲವಾರು ಪಳಗಿದ ಸಿಂಹಗಳು ಬೇಕಾದವು. ಚಿತ್ರೀಕರಣ ಮುಗಿದ ಮೇಲೆ ಅವುಗಳಲ್ಲಿ ಬಹುತೇಕ ಮೃಗಾಲಯಗಳಿಗೆ ಹೋದವು. ಬಾಯ್, ಗರ್ಲ್, ಉಗಾಸ್ ಎಂಬ ಮೂರು ಮಾತ್ರ ಜಾರ್ಜ್ ಆಡಮ್ಸನ್ ಕೈಸೇರಿದವು. ಸ್ವಾತಂತ್ರ್ಯದ ಬಗ್ಗೆ ಜಗತ್ಪ್ರಸಿದ್ಧವಾದ ಸಿನಿಮಾದಲ್ಲಿ ನಟಿಸಿದ ಪ್ರಾಣಿಗಳು ಸರಳುಗಳ ಹಿಂದೆ ಸತ್ತವು ಎನ್ನುವುದು ಆ ಸಿನಿಮಾದ ಅತ್ಯಂತ ಕಠಿಣ ವಿಮರ್ಶೆ. ಅದನ್ನು ಬರೆದವರು ಬೇರಾರೂ ಅಲ್ಲ, ಚಿತ್ರದ ಮುಖ್ಯ ಪಾತ್ರಗಳನ್ನು ವಹಿಸಿದ ವರ್ಜೀನಿಯಾ ಮೆಕೆನ್ನಾ ಮತ್ತು ಬಿಲ್ ಟ್ರಾವರ್ಸ್ ದಂಪತಿ. ಅವರು ಅದನ್ನು ಬರೆದದ್ದು ಕಾಗದದ ಮೇಲಲ್ಲ, ಮುಂದಿನ ತಮ್ಮ ಬದುಕಿನ ಕೆಲಸದಲ್ಲಿ. ಅದಕ್ಕೆ ಮತ್ತೆ ಬರೋಣ.

ಅಪ್ಪುಗೆಯ ಆಚೀಚೆ

ಎರಡನೆಯ ಕಥೆಗೆ ಪುಸ್ತಕಕ್ಕಿಂತ ಹೆಚ್ಚಾಗಿ ಕೆಲವೇ ನಿಮಿಷಗಳ ಒಂದು ದೃಶ್ಯತುಣುಕು ಪ್ರಸಿದ್ಧಿ ತಂದುಕೊಟ್ಟಿತು. ಇಬ್ಬರು ಉದ್ದಕೂದಲಿನ ಯುವಕರ ಕಡೆಗೆ ಬೆಳೆದ ಸಿಂಹವೊಂದು ಓಡಿಬಂದು, ಮುಂಗಾಲುಗಳನ್ನು ಅವರ ಹೆಗಲಿಗೆ ಹಾಕಿ ಅಪ್ಪಿಕೊಳ್ಳುವ ದೃಶ್ಯವದು. 1971ರಲ್ಲಿ ಕೀನ್ಯಾದಲ್ಲಿ ಚಿತ್ರೀಕರಿಸಿದ ಈ ತುಣುಕು 2008ರ ಹೊತ್ತಿಗೆ ಅಂತರ್ಜಾಲದಲ್ಲಿ ಕೋಟ್ಯಂತರ ಜನರನ್ನು ತಲುಪಿತು.

ಸಿಂಹದ ಹೆಸರು ಕ್ರಿಶ್ಚಿಯನ್. ಇಂಗ್ಲೆಂಡಿನ ಮೃಗಾಲಯವೊಂದರಲ್ಲಿ ಹುಟ್ಟಿದ ಈ ಮರಿಯನ್ನು 1969ರಲ್ಲಿ ಲಂಡನ್ನಿನ ಹ್ಯಾರಡ್ಸ್ ಎಂಬ ಶ್ರೀಮಂತರ ಅಂಗಡಿಯಲ್ಲಿ ಮಾರಾಟಕ್ಕೆ ಇಡಲಾಗಿತ್ತು. ಜಾನ್ ರೆಂಡಲ್ ಮತ್ತು ಏಸ್ ಬರ್ಕ್ ಎಂಬ ಆಸ್ಟ್ರೇಲಿಯಾದ ಇಬ್ಬರು ಯುವಕರು 250 ಗಿನಿ ಕೊಟ್ಟು ಅದನ್ನು ಕೊಂಡರು, ಪೀಠೋಪಕರಣದ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಸಾಕಿದರು. ಮರಿ ಬೆಳೆದು ಸಿಂಹವಾಗತೊಡಗಿದಾಗ ಏನು ಮಾಡುವುದೆಂದು ತೋಚದೆ ಕೂತಿದ್ದವರ ಅಂಗಡಿಗೆ ಬಿಲ್ ಟ್ರಾವರ್ಸ್ ಮತ್ತು ವರ್ಜೀನಿಯಾ ಮೆಕೆನ್ನಾ ಗಿರಾಕಿಗಳಾಗಿ ಬಂದರು. ಅವರ ಮೂಲಕ ಕ್ರಿಶ್ಚಿಯನ್ 1970ರಲ್ಲಿ ಕೀನ್ಯಾದ ಕೋರಾ ಎಂಬಲ್ಲಿ ಜಾರ್ಜ್ ಆಡಮ್ಸನ್ ಶಿಬಿರ ಸೇರಿತು. ಮರುವರ್ಷ ತನ್ನನ್ನು ಸಾಕಿದವರನ್ನು ಗುರುತು ಹಿಡಿದು ಅಪ್ಪಿಕೊಂಡಿತು. 1973ರ ನಂತರ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ದೃಶ್ಯವನ್ನು ನೋಡಿದವರಿಗೆ ಪ್ರೀತಿಯೊಂದಿದ್ದರೆ ಯಾವ ಪ್ರಾಣಿಯೂ ನಮ್ಮದೇ ಎಂಬ ಭಾವ ಉಂಟಾಗುತ್ತದೆ. ಅದರ ಅಪಾಯ ಇರುವುದೂ ಅಲ್ಲಿಯೇ. ಅದೇ 1971ರಲ್ಲಿ, ಅದೇ ಕೋರಾ ಶಿಬಿರದಲ್ಲಿ, ಸಿನಿಮಾದಲ್ಲಿ ನಟಿಸಿದ್ದ ಬಾಯ್ ಎಂಬ ಸಿಂಹ ಶಿಬಿರದ ಆಫ್ರಿಕನ್ ಕೆಲಸಗಾರನೊಬ್ಬನನ್ನು ಕೊಂದಿತು. ಜಾರ್ಜ್ ಆಡಮ್ಸನ್ ತಾವೇ ಅದಕ್ಕೆ ಗುಂಡಿಕ್ಕಬೇಕಾಯಿತು. ಮನುಷ್ಯರ ನಡುವೆ ಬೆಳೆದ ಸಿಂಹಕ್ಕೆ ಮನುಷ್ಯನ ಭಯ ಇರುವುದಿಲ್ಲ, ಸಿಂಹದ ಸ್ವಭಾವ ಮಾತ್ರ ಹಾಗೆಯೇ ಇರುತ್ತದೆ. ಅಪ್ಪುಗೆಯ ದೃಶ್ಯವನ್ನು ನೋಡಿದ ಕೋಟ್ಯಂತರ ಜನರಲ್ಲಿ ಈ ಸಾವಿನ ಬಗ್ಗೆ ಕೇಳಿದವರು ಎಷ್ಟಿರಬಹುದು? ಎರಡೂ ಘಟನೆಗಳು ಒಂದೇ ಕಥೆಯ ಭಾಗಗಳು. ಒಂದನ್ನು ಕತ್ತರಿಸಿ ತೆಗೆದರಷ್ಟೇ ಇನ್ನೊಂದು ಅಷ್ಟು ಹಿತವಾಗಿ ಕಾಣುತ್ತದೆ.

ಹುಲಿಗಳಿಲ್ಲದ ಹುಲಿಯ ಧಾರಾವಾಹಿ

ಮೂರನೆಯ ಕಥೆ 2020ರ ಮಾರ್ಚ್ ತಿಂಗಳಿನಲ್ಲಿ, ಕೊರೊನಾದಿಂದ ಜಗತ್ತೇ ಮನೆಯೊಳಗೆ ಕೂತಿದ್ದಾಗ ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದ 'ಟೈಗರ್ ಕಿಂಗ್' ಎಂಬ ಸಾಕ್ಷ್ಯಚಿತ್ರ ಸರಣಿ. ಮೊದಲ ನಾಲ್ಕು ವಾರಗಳಲ್ಲಿ 6.4 ಕೋಟಿ ಮನೆಗಳಲ್ಲಿ ಇದನ್ನು ನೋಡಲಾಯಿತು ಎಂದು ಕಂಪನಿಯೇ ಹೇಳಿಕೊಂಡಿತು. ಅಮೆರಿಕಾದ ಓಕ್ಲಹೋಮಾ ರಾಜ್ಯದಲ್ಲಿ ಖಾಸಗಿ ಮೃಗಾಲಯ ನಡೆಸುತ್ತಿದ್ದ ಜೋ ಎಕ್ಸಾಟಿಕ್ ಮತ್ತು ಫ್ಲೋರಿಡಾದಲ್ಲಿ 'ಬಿಗ್ ಕ್ಯಾಟ್ ರೆಸ್ಕ್ಯೂ' ಎಂಬ ಆಶ್ರಯತಾಣ ನಡೆಸುತ್ತಿದ್ದ ಕ್ಯಾರಲ್ ಬಾಸ್ಕಿನ್ ನಡುವಿನ ಹಗೆತನ ಇದರ ವಸ್ತು.

ಈ ಹಗೆತನದ ಹಿಂದೆ ಒಂದು ವ್ಯಾಪಾರವಿದೆ. ಹುಲಿಮರಿಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರ್ಪಡಿಸಿ, ದುಡ್ಡು ಕೊಟ್ಟ ಪ್ರವಾಸಿಗರ ತೊಡೆಯ ಮೇಲಿಟ್ಟು ಫೋಟೊ ತೆಗೆಸುವುದು. ಮರಿಗೆ ಮೂರು ತಿಂಗಳಾಯಿತೆಂದರೆ ಅದರ ಹಲ್ಲು, ಉಗುರು ಅಪಾಯಕಾರಿಯಾಗುತ್ತವೆ, ಅದು ಫೋಟೊಗೆ ಉಪಯೋಗಕ್ಕೆ ಬರುವುದಿಲ್ಲ. ಆಗ ಹೊಸ ಮರಿ ಬೇಕು. ಹಾಗಾಗಿ ತಾಯಿಹುಲಿ ಮತ್ತೆ ಮತ್ತೆ ಈಯಬೇಕು. ಮೂರು ತಿಂಗಳು ದುಡಿದ ಮರಿ ಇನ್ನು ಹದಿನೈದು ವರ್ಷ ಹೊಟ್ಟೆಗೆ ಕೇಳುತ್ತದೆ. ಈ ವ್ಯಾಪಾರದ ಕ್ರೌರ್ಯ ಇರುವುದು ಈ ಸರಳ ಗಣಿತದಲ್ಲಿ. ಜೋ ಎಕ್ಸಾಟಿಕ್ 2017ರಲ್ಲಿ ಬೋನು ಖಾಲಿ ಮಾಡಿಕೊಳ್ಳಲು ಐದು ಹುಲಿಗಳನ್ನು ಗುಂಡಿಕ್ಕಿ ಕೊಂದದ್ದು ನ್ಯಾಯಾಲಯದಲ್ಲಿ ಸಾಬೀತಾಯಿತು. ಬಾಸ್ಕಿನ್ ಅವರ ಕೊಲೆಗೆ ಸುಪಾರಿ ಕೊಟ್ಟ ಆರೋಪವೂ ಸೇರಿ 2020ರ ಜನವರಿಯಲ್ಲಿ ಆತನಿಗೆ 22 ವರ್ಷಗಳ ಶಿಕ್ಷೆಯಾಯಿತು, 2022ರಲ್ಲಿ ಅದನ್ನು 21 ವರ್ಷಕ್ಕೆ ಇಳಿಸಲಾಯಿತು.

ಸರಣಿ ಇದನ್ನೆಲ್ಲ ಮುಟ್ಟುತ್ತದೆ, ಆದರೆ ಅದರ ಆಸಕ್ತಿ ಬೇರೆ ಕಡೆಗಿದೆ. ಜೋನ ಬಟ್ಟೆ, ಹಾಡು, ಮದುವೆಗಳು, ಬಾಸ್ಕಿನ್ ಅವರ ಖಾಸಗಿ ಬದುಕಿನ ಬಗೆಗಿನ ಊಹಾಪೋಹಗಳಿಗೆ ಕಂತುಗಟ್ಟಲೆ ಸಮಯ ಸಿಗುತ್ತದೆ. ಹುಲಿಗಳು ಹಿನ್ನೆಲೆಯ ಪರದೆಯಾಗುತ್ತವೆ. ಕೊನೆಗೆ ನೋಡುಗನ ಮನಸ್ಸಿನಲ್ಲಿ ಉಳಿಯುವುದು 'ಇಬ್ಬರೂ ಹುಲಿ ಇಟ್ಟುಕೊಂಡವರೇ, ಇಬ್ಬರೂ ಒಂದೇ' ಎಂಬ ತೀರ್ಮಾನ. ಇದು ಸರಣಿಯ ದೊಡ್ಡ ದೋಷ. ಎರಡೂ ಕಡೆ ಸರಳುಗಳಿರುವುದು ನಿಜ. ಆದರೆ ಒಂದು ಕಡೆ ಮರಿ ಹುಟ್ಟಿಸುವುದೇ ಕಸುಬು, ಇನ್ನೊಂದು ಕಡೆ ಮರಿ ಹುಟ್ಟದಂತೆ ನೋಡಿಕೊಳ್ಳುವುದು ನಿಯಮ. ಒಂದು ಕಡೆ ಪ್ರಾಣಿಯನ್ನು ಮುಟ್ಟಲು ಟಿಕೆಟ್, ಇನ್ನೊಂದು ಕಡೆ ಯಾರೂ ಮುಟ್ಟುವಂತಿಲ್ಲ. ವಿಮರ್ಶೆಯ ಮೊದಲ ಕೆಲಸ ಒಂದೇ ರೀತಿ ಕಾಣುವ ಎರಡರ ನಡುವಿನ ವ್ಯತ್ಯಾಸವನ್ನು ಗುರುತಿಸುವುದು. ಸಾಕ್ಷ್ಯಚಿತ್ರವೊಂದು ಆ ವ್ಯತ್ಯಾಸವನ್ನೇ ಅಳಿಸಿಹಾಕಿದರೆ ಲಾಭ ಯಾರಿಗೆ?

ಕ್ಯಾಮೆರಾ ಹೋಗದ ಕಡೆ ನಡೆದದ್ದು ಹೆಚ್ಚು ಮುಖ್ಯವಾದದ್ದು. ಜೋನ ಮೃಗಾಲಯದಿಂದ 2017ರಲ್ಲೇ 39 ಹುಲಿಗಳು ಕೊಲರಾಡೊ ರಾಜ್ಯದ 'ದಿ ವೈಲ್ಡ್ ಅನಿಮಲ್ ಸ್ಯಾಂಕ್ಚುರಿ' ಎಂಬ ವಿಶಾಲ ಆಶ್ರಯತಾಣಕ್ಕೆ ಹೋದವು. ಆತನ ನಂತರ ಬಂದ ಮಾಲೀಕರಿಂದ 2021ರ ಮೇ ತಿಂಗಳಲ್ಲಿ ಸರ್ಕಾರ 68 ಹುಲಿ, ಸಿಂಹ ಮತ್ತಿತರ ಪ್ರಾಣಿಗಳನ್ನು ವಶಪಡಿಸಿಕೊಂಡಿತು. 2022ರ ಡಿಸೆಂಬರ್ 20ರಂದು ಜಾರಿಯಾದ ಹೊಸ ಕಾನೂನು ಇಂಥ ಪ್ರಾಣಿಗಳನ್ನು ಸಾಕುಪ್ರಾಣಿಯಾಗಿ ಇಟ್ಟುಕೊಳ್ಳುವುದನ್ನೂ ಜನರ ಕೈಗೆ ಮರಿ ಕೊಡುವುದನ್ನೂ ನಿಷೇಧಿಸಿತು. ಮರುವರ್ಷ ಬಾಸ್ಕಿನ್ ಅವರ ಸಂಸ್ಥೆ ತನ್ನಲ್ಲಿ ಉಳಿದಿದ್ದ ಪ್ರಾಣಿಗಳನ್ನು ಆರ್ಕನ್ಸಾಸ್ ರಾಜ್ಯದ ಇನ್ನೊಂದು ಆಶ್ರಯತಾಣಕ್ಕೆ ಸೇರಿಸಿ ತನ್ನ ತಾಣವನ್ನು ಮುಚ್ಚುವುದಾಗಿ ಹೇಳಿತು. ತನ್ನ ಅಗತ್ಯವೇ ಇಲ್ಲದಂತಾಗುವುದು ಒಂದು ಸಂಸ್ಥೆಯ ಗುರಿಯಾಗಬಲ್ಲದು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ನಮ್ಮ ಡೇರೆಯಿಂದ ಬನ್ನೇರುಘಟ್ಟಕ್ಕೆ

ಅಮೆರಿಕಾ 2022ರಲ್ಲಿ ಮಾಡಿದ್ದನ್ನು ಭಾರತ ಒಂದು ಅರ್ಥದಲ್ಲಿ ಎರಡು ದಶಕ ಮೊದಲೇ ಮಾಡಿತ್ತು. ಕರಡಿ, ಕೋತಿ, ಹುಲಿ, ಚಿರತೆಗಳನ್ನು ಪಳಗಿಸಿ ಪ್ರದರ್ಶಿಸಬಾರದೆಂದು ಕೇಂದ್ರ ಸರ್ಕಾರ 1991ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ ಮಾಲೀಕರು ನ್ಯಾಯಾಲಯಕ್ಕೆ ಹೋದರು. 1998ರ ಅಕ್ಟೋಬರಿನ ಹೊಸ ಅಧಿಸೂಚನೆಯಲ್ಲಿ ಸಿಂಹವೂ ಸೇರಿತು. ವ್ಯಾಪಾರದ ನಮ್ಮ ಮೂಲಭೂತ ಹಕ್ಕಿಗೆ ಇದು ಧಕ್ಕೆ ಎಂಬ ಮಾಲೀಕರ ವಾದವನ್ನು ಕೇರಳ ಹೈಕೋರ್ಟ್ 2000ದ ಜೂನಿನಲ್ಲಿ ತಳ್ಳಿಹಾಕಿತು. 2001ರ ಮೇ 1ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಊರ ಮೈದಾನದ ಡೇರೆಯಲ್ಲಿ ಬೆಂಕಿಯ ಬಳೆಯೊಳಗಿಂದ ಹಾರುತ್ತಿದ್ದ ಹುಲಿ, ಸ್ಟೂಲಿನ ಮೇಲೆ ಕೂರುತ್ತಿದ್ದ ಸಿಂಹ ಹೀಗೆ ನಮ್ಮ ಕಣ್ಣಿನಿಂದ ಮರೆಯಾದವು.

ಮರೆಯಾಗಿ ಎಲ್ಲಿಗೆ ಹೋದವು? ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ನೆರವಿನಿಂದ ಬನ್ನೇರುಘಟ್ಟ, ತಿರುಪತಿ, ವಿಶಾಖಪಟ್ಟಣ, ಚೆನ್ನೈ ಬಳಿಯ ವಂಡಲೂರು, ಜೈಪುರ, ಭೋಪಾಲ್ ಮುಂತಾದ ಕಡೆ ಪುನರ್ವಸತಿ ಕೇಂದ್ರಗಳು ತಲೆಯೆತ್ತಿದವು. ದೇಶದ ಬೇರೆ ಬೇರೆ ಸರ್ಕಸ್ಸುಗಳ ನೂರಾರು ಸಿಂಹಗಳು ಮತ್ತು ಅದಕ್ಕಿಂತ ಬಹಳ ಕಡಿಮೆ ಸಂಖ್ಯೆಯ ಹುಲಿಗಳು ಇಲ್ಲಿಗೆ ಬಂದವು.

ಈ ಜಾಗಗಳನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಅಭಯಾರಣ್ಯ ಎನ್ನುವಂತಿಲ್ಲ, ಏಕೆಂದರೆ ಅದು ಅರಣ್ಯವಲ್ಲ. ಮೃಗಾಲಯ ಎನ್ನುವಂತಿಲ್ಲ, ಇಲ್ಲಿ ಪ್ರದರ್ಶನ ಮುಖ್ಯವಲ್ಲ. ಸರ್ಕಸ್ಸಿನಲ್ಲಿ ಆಫ್ರಿಕಾದ ಸಿಂಹಗಳನ್ನೂ ಗೀರ್ ಮೂಲದ ಏಷ್ಯಾದ ಸಿಂಹಗಳನ್ನೂ ಬೆರೆಸಿ ತಳಿ ಮಾಡಿದ್ದರಿಂದ ಬಂದವುಗಳಲ್ಲಿ ಹೆಚ್ಚಿನವು ಬೆರಕೆ ಸಿಂಹಗಳು. ಗೀರ್ ಕಾಡಿಗೆ ಅವು ಸಲ್ಲವು, ಆಫ್ರಿಕಾಕ್ಕೂ ಸಲ್ಲವು. ಬೇಟೆ ಗೊತ್ತಿಲ್ಲ. ಸಂರಕ್ಷಣಾ ಯೋಜನೆಗಳಲ್ಲಿ ತಳಿ ಬೆಳೆಸಲೂ ಅವು ಬೇಡ. ಆದ್ದರಿಂದ ಮರಿ ಹಾಕದಂತೆ ತಡೆದು, ಸಾಯುವವರೆಗೆ ನೋಡಿಕೊಳ್ಳುವುದೊಂದೇ ದಾರಿ. ಎಲ್ಸಾಳ ಕಥೆ ಕಲಿಸಿಕೊಟ್ಟ 'ಮರಳಿ ಕಾಡಿಗೆ' ಎಂಬ ಮುಕ್ತಾಯ ಇವುಗಳಿಗೆ ಸಾಧ್ಯವೇ ಇರಲಿಲ್ಲ.

ಮೆಕೆನ್ನಾ ಮತ್ತು ಟ್ರಾವರ್ಸ್ ವಿಷಯ ಇಲ್ಲಿಗೆ ಸೇರುತ್ತದೆ. ತಮ್ಮೊಡನೆ ಇನ್ನೊಂದು ಸಿನಿಮಾದಲ್ಲಿ ನಟಿಸಿ ಆಮೇಲೆ ಲಂಡನ್ ಮೃಗಾಲಯದ ಪಾಲಾದ ಪೋಲೆಪೋಲೆ ಎಂಬ ಆನೆ 1983ರಲ್ಲಿ ಸತ್ತಾಗ ಕಳವಳಗೊಂಡ ಈ ದಂಪತಿ 1984ರಲ್ಲಿ ಮೃಗಾಲಯಗಳ ಮೇಲೆ ಕಣ್ಣಿಡುವ ಸಂಸ್ಥೆಯೊಂದನ್ನು ಕಟ್ಟಿದರು. ಅದು ಮುಂದೆ 'ಬಾರ್ನ್ ಫ್ರೀ ಫೌಂಡೇಶನ್' ಆಯಿತು. ಟ್ರಾವರ್ಸ್ 1994ರಲ್ಲಿ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. ಯುರೋಪಿನ ಸರ್ಕಸ್ಸು ಮತ್ತಿತರ ಕಡೆಗಳಿಂದ ಬಿಡಿಸಿದ ಕೆಲವು ಹುಲಿಗಳಿಗೆ ಈ ಸಂಸ್ಥೆ ಬನ್ನೇರುಘಟ್ಟದಲ್ಲೇ ಆಶ್ರಯ ಕಲ್ಪಿಸಿತು. ಆ ಹುಲಿಗಳನ್ನೂ ಕಾಡಿಗೆ ಬಿಡಲಿಲ್ಲ, ಬಿಡುವಂತಿರಲಿಲ್ಲ. ಬಿಡುಗಡೆಯ ಕಥೆಯನ್ನು ಜಗತ್ತಿಗೆ ಹೇಳಿದ ನಟಿ, ಬಿಡುಗಡೆ ಸಾಧ್ಯವಿಲ್ಲದ ಪ್ರಾಣಿಗಳ ಅನ್ನದ ಹೊಣೆ ಹೊತ್ತ ಸಂಸ್ಥೆಯನ್ನು ಕಟ್ಟಿದರು. ಅವರ ಸಿನಿಮಾಕ್ಕಿಂತ ಈ ಕೆಲಸ ಹೆಚ್ಚು ಪ್ರಬುದ್ಧವಾದದ್ದು ಎಂದು ನನಗೆ ಅನ್ನಿಸುತ್ತದೆ.

ಬೇಲಿಯೊಳಗಿನ ಒಂದು ದಿನ

ಆಶ್ರಯತಾಣದ ಹುಲಿಯ ಬದುಕಿನಲ್ಲಿ ಘಟನೆಗಳೇ ಇಲ್ಲ ಎನ್ನಬಹುದು. ಬೆಳಿಗ್ಗೆ ರಾತ್ರಿಯ ಕೋಣೆಯ ಬಾಗಿಲನ್ನು ದೂರದಿಂದ ಎಳೆದು ತೆರೆಯುತ್ತಾರೆ. ಹುಲಿ ಬಯಲಿಗೆ ಬರುತ್ತದೆ, ಕೋಣೆಯನ್ನು ತೊಳೆಯುತ್ತಾರೆ. ಬಯಲಿನಲ್ಲಿ ನೆರಳು, ಹುಲ್ಲು, ಮೈ ಅದ್ದಲು ನೀರಿನ ಕೊಳ, ಹತ್ತಿ ಕೂರಲು ಕಟ್ಟೆ. ಹುಲಿ ದಿನದ ಹೆಚ್ಚು ಹೊತ್ತು ಮಲಗಿರುತ್ತದೆ. ಸಂಜೆ ಕೋಣೆಯಲ್ಲಿ ಮಾಂಸ ಇಟ್ಟು ಕರೆಯುತ್ತಾರೆ. ವಾರಕ್ಕೊಂದು ದಿನ ಉಪವಾಸ. ಚುಚ್ಚುಮದ್ದು ಕೊಡಬೇಕಾದಾಗ ಒಂದು ಪಕ್ಕದ ಸರಳುಗಳನ್ನು ಒಳಕ್ಕೆ ಸರಿಸಿ ಪ್ರಾಣಿಯನ್ನು ಅಲುಗದಂತೆ ನಿಲ್ಲಿಸುವ ಬೋನಿನ ಸಹಾಯ ಪಡೆಯುತ್ತಾರೆ.

ಹಳೆಯ ಬದುಕು ಅಷ್ಟು ಬೇಗ ಬಿಡುವುದಿಲ್ಲ. ವರ್ಷಗಟ್ಟಲೆ ಕಿರಿದಾದ ಗಾಡಿಬೋನಿನಲ್ಲಿ ಇದ್ದ ಪ್ರಾಣಿಗಳು ದೊಡ್ಡ ಬಯಲಿಗೆ ಬಂದ ಮೇಲೂ ಅದೇ ನಾಲ್ಕು ಹೆಜ್ಜೆಯ ಅಳತೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವುದುಂಟು. ಹುಲ್ಲಿನ ಮೇಲೆ ಕಾಲಿಡಲು ಹಿಂಜರಿಯುವುದುಂಟು. ಉಗುರು ಕೀಳಿಸಿಕೊಂಡವು ಕುಂಟುತ್ತವೆ. ಮರಿಯಾಗಿದ್ದಾಗ ಸರಿಯಾದ ಆಹಾರ ಸಿಗದವುಗಳ ಮೂಳೆಗಳು ಸೊಟ್ಟಗಾಗಿರುತ್ತವೆ. ರಕ್ತಸಂಬಂಧದಲ್ಲೇ ಕೂಡಿಸಿ ಬೆಳೆಸಿದ ಬಿಳಿಹುಲಿಗಳಿಗೆ ಮೆಳ್ಳೆಗಣ್ಣು ಸಾಮಾನ್ಯ. ವಯಸ್ಸಾದಂತೆ ಕೀಲುನೋವು, ಮೂತ್ರಪಿಂಡದ ತೊಂದರೆ ಬರುತ್ತವೆ. ಮುದಿಪ್ರಾಣಿಗೆ ನೋವಿಲ್ಲದ ಸಾವು ಕೊಡಬೇಕೇ, ಕಾಯಬೇಕೇ ಎಂಬ ತೀರ್ಮಾನವನ್ನೂ ಯಾರೋ ಒಬ್ಬರು ಒಂದು ದಿನ ತೆಗೆದುಕೊಳ್ಳಬೇಕು.

ಹಾಗಾದರೆ ಇದೂ ಸೆರೆಯೇ ಅಲ್ಲವೇ ಎಂಬ ಪ್ರಶ್ನೆ ಸಹಜ. ಸೆರೆಯೇ. ಅದನ್ನು ಸ್ವಾತಂತ್ರ್ಯ ಎಂದು ಕರೆಯುವುದು ಸುಳ್ಳಾಗುತ್ತದೆ. ಆದರೆ ಈ ಸೆರೆಯಲ್ಲಿ ಆ ಪ್ರಾಣಿಗೆ ಮೊದಲ ಸಲ ಸಿಕ್ಕಿದ ಕೆಲವು ಸಂಗತಿಗಳಿವೆ. ಯಾರಿಗೂ ಕಾಣಬಾರದು ಅನ್ನಿಸಿದರೆ ಪೊದೆಯ ಹಿಂದೆ ಹೋಗಿ ಮಲಗಬಹುದು. ಕರೆದಾಗ ಬರದೆ ಇರಬಹುದು. ಚಾವಟಿಯ ಸದ್ದಿಲ್ಲ, ಹಸಿವೆಯ ಹೆದರಿಕೆಯಿಲ್ಲ. ಅಭಯ ಎಂಬ ಮಾತಿಗೆ ಅರಣ್ಯದ ಹಂಗಿಲ್ಲದೆಯೂ ಇಷ್ಟು ಅರ್ಥ ಉಳಿದಿದೆ.

ಪುಣ್ಯಕೋಟಿಯ ಹುಲಿ ಮತ್ತು ಕಟುಕನ ಅಂಗಡಿ

ಈ ಬದುಕು ನಡೆಯಬೇಕಾದರೆ ಮಾಂಸ ಬೇಕು. ಬೆಳೆದ ಹುಲಿಗೆ ದಿನಕ್ಕೆ ಎಂಟು ಕಿಲೋದಂತೆ, ಉಪವಾಸದ ದಿನ ಬಿಟ್ಟು ಲೆಕ್ಕ ಹಾಕಿದರೂ ವರ್ಷಕ್ಕೆ ಎರಡೂವರೆ ಸಾವಿರ ಕಿಲೋ ಆಗುತ್ತದೆ. ಹದಿನೈದು ವರ್ಷಕ್ಕೆ 37 ಸಾವಿರ ಕಿಲೋ ದಾಟುತ್ತದೆ. ನಮ್ಮ ದೇಶದ ಮೃಗಾಲಯಗಳಲ್ಲಿ ಇದು ಮುಖ್ಯವಾಗಿ ದನ, ಎಮ್ಮೆ, ಕೋಣಗಳ ಮಾಂಸ. ಪಾರಾದ ಹುಲಿಯ ಬಗ್ಗೆ ಮರುಗುವ ನಮ್ಮ ಸಮಾಜ ಆ ಹುಲಿಯ ತಟ್ಟೆಯ ಬಗ್ಗೆ ಮಾತನಾಡಲು ಮುಜುಗರಪಡುತ್ತದೆ.

ಕನ್ನಡದವರೆಲ್ಲ ಶಾಲೆಯಲ್ಲಿ ಕಲಿತ ಗೋವಿನ ಹಾಡಿನ ಹುಲಿಯನ್ನು ಇಲ್ಲಿ ನೆನೆಯಬೇಕು. ಪುಣ್ಯಕೋಟಿಯ ಸತ್ಯಕ್ಕೆ ಸೋತು, ಅದನ್ನು ತಿನ್ನಲಾರದೆ ಆ ಹುಲಿ ಪ್ರಾಣ ಬಿಡುತ್ತದೆ. ಹಾಡಿನ ಮಟ್ಟಿಗೆ ಅದು ದೊಡ್ಡ ಆದರ್ಶ. ಆದರೆ ನಮಗೆ ಪ್ರಿಯವಾದ ಹುಲಿ ಯಾವುದು ಎಂಬುದನ್ನೂ ಅದು ಹೇಳುತ್ತದೆ. ಅದು ಹುಲಿಯಾಗಿ ಉಳಿಯಲು ಒಪ್ಪದ ಹುಲಿ. ಪುನರ್ವಸತಿ ಕೇಂದ್ರದ ಹುಲಿಗೆ ಹಾಗೆ ಸಾಯುವ ಆದರ್ಶ ಗೊತ್ತಿಲ್ಲ. ಅದನ್ನು ಬದುಕಿಸುತ್ತೇವೆ ಎಂದು ಮಾತು ಕೊಟ್ಟವರು ನಾವು. ಆ ಮಾತನ್ನು ನಡೆಸಿಕೊಡಲು ಯಾರೋ ಒಬ್ಬರು ಪ್ರತಿದಿನ ಬೆಳಗಿನ ಜಾವ ಕತ್ತಿ ಹಿಡಿಯಬೇಕಾಗುತ್ತದೆ.

2017ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದಲ್ಲಿ ಕಸಾಯಿಖಾನೆಗಳ ಮೇಲೆ ಕ್ರಮ ಆರಂಭವಾದಾಗ ಕಾನ್ಪುರ, ಲಖನೌ ಮೃಗಾಲಯಗಳ ಮತ್ತು ಇಟಾವಾ ಸಿಂಹ ಸಫಾರಿಯ ಪ್ರಾಣಿಗಳಿಗೆ ಎಮ್ಮೆ ಮಾಂಸದ ಕೊರತೆಯಾಗಿ ಕೋಳಿ, ಕುರಿ ಮಾಂಸ ಹಾಕಬೇಕಾಯಿತು. 2020ರ ಅಕ್ಟೋಬರಿನಲ್ಲಿ ಗುವಾಹಟಿಯ ಮೃಗಾಲಯದ ಮುಂದೆ ಪ್ರತಿಭಟನಾಕಾರರು ಹುಲಿಗಳಿಗೆ ಗೋಮಾಂಸ ಹಾಕಬಾರದೆಂದು ಒತ್ತಾಯಿಸಿ ಮಾಂಸ ತರುತ್ತಿದ್ದ ವಾಹನಗಳನ್ನು ತಡೆದರು. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ 13 ವರ್ಷ ದಾಟಿದ ಎಮ್ಮೆ ಕೋಣಗಳಿಗಷ್ಟೇ ವಿನಾಯಿತಿ ಕೊಟ್ಟಿತು. ಇಂಥ ಕಾಯ್ದೆಗಳ ಬಗ್ಗೆ ಚರ್ಚೆ ನಡೆದಾಗಲೆಲ್ಲ ಮಾಂಸದ ವ್ಯಾಪಾರಿ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಅವನು ಬಹುತೇಕ ಮುಸ್ಲಿಮನೋ ದಲಿತನೋ ಆಗಿರುತ್ತಾನೆ. ಸರ್ಕಸ್ಸಿನಿಂದ ಬಿಡಿಸಿದ ಸಿಂಹ ಹದಿನೈದು ವರ್ಷ ಬದುಕಿದ್ದರೆ ಅದರಲ್ಲಿ ಅವನ ದುಡಿಮೆಯ ಪಾಲೂ ಇದೆ ಎಂದು ಯಾವ ವನ್ಯಜೀವಿ ಸಾಕ್ಷ್ಯಚಿತ್ರವೂ ಹೇಳಿದ್ದನ್ನು ನಾನು ನೋಡಿಲ್ಲ. ಕರುಣೆಯ ಕೀರ್ತಿ ಒಬ್ಬರಿಗೆ, ಅದರ ರಕ್ತದ ಕಲೆ ಇನ್ನೊಬ್ಬರಿಗೆ ಎಂಬ ಈ ಹಂಚಿಕೆ ನ್ಯಾಯವೇ?

ಡೇರೆಯಲ್ಲಿ ಉಳಿದವರು

ಪಾರು ಮಾಡುವ ಕಥೆ ಬಿಟ್ಟುಬಿಡುವ ಇನ್ನೊಂದು ಗುಂಪು ಡೇರೆಯ ಮನುಷ್ಯರದು. ಸುಪ್ರೀಂ ಕೋರ್ಟಿನ ತೀರ್ಪು ಸಿಂಹಗಳನ್ನು ಸರ್ಕಸ್ಸಿನಿಂದ ಹೊರತಂದದ್ದು 2001ರಲ್ಲಿ. ಅದೇ ಡೇರೆಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು ಅದೇ ನ್ಯಾಯಾಲಯದ ಆದೇಶ ಬಂದದ್ದು 2011ರ ಏಪ್ರಿಲ್‌ನಲ್ಲಿ. ಸಿಂಹಕ್ಕೂ ಮಗುವಿಗೂ ನಡುವೆ ಹತ್ತು ವರ್ಷಗಳ ಅಂತರವಿದೆ. ಇದಕ್ಕೆ ಸಿಂಹಗಳನ್ನು ದೂರಿ ಪ್ರಯೋಜನವಿಲ್ಲ. ಅವುಗಳ ಪರವಾಗಿ ಬಂದ ತೀರ್ಪು ಸರಿಯಾದದ್ದೇ. ಆದರೆ ಹುಲಿಯ ಬೋನು ತೊಳೆಯುತ್ತಿದ್ದವನು ಮತ್ತು ಜಾಲದ ಮೇಲೆ ಹಾರುತ್ತಿದ್ದ ಹುಡುಗಿ ಮುಂದೆ ಏನಾದರು ಎಂದು ಕೇಳದ ಕರುಣೆ ಅಪೂರ್ಣವಾದದ್ದು.

ಎರಡನ್ನೂ ಒಟ್ಟಿಗೆ ನೋಡಲು ಸಾಧ್ಯ ಎಂಬುದಕ್ಕೆ ಉದಾಹರಣೆ ಬನ್ನೇರುಘಟ್ಟದಲ್ಲೇ ಇದೆ, ಹುಲಿಗಳಲ್ಲಿ ಅಲ್ಲದಿದ್ದರೂ ಕರಡಿಗಳಲ್ಲಿ. ಊರೂರು ಅಲೆದು ಕರಡಿ ಆಡಿಸುತ್ತಿದ್ದ ಕಲಂದರ್ ಮುಸ್ಲಿಮರಿಂದ ಕರಡಿಗಳನ್ನು ಬಿಡಿಸಿಕೊಂಡ 'ವೈಲ್ಡ್‌ಲೈಫ್ ಎಸ್‌ಒಎಸ್' ಸಂಸ್ಥೆ ಅವರಿಗೆ ಬೇರೆ ಕಸುಬು ಹಿಡಿಯಲು ಹಣ ಕೊಟ್ಟಿತು, ಮಕ್ಕಳ ಶಾಲೆಯ ಖರ್ಚು ನೋಡಿಕೊಂಡಿತು. ದೇಶದ ಕೊನೆಯ ಕುಣಿಯುವ ಕರಡಿ 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟದ ಕರಡಿ ಕೇಂದ್ರಕ್ಕೆ ಬಂತು. ಮೂಗಿನ ಹಗ್ಗ ಹಿಡಿದವನೂ ಬಡವ ಎಂಬುದನ್ನು ನೆನಪಿಟ್ಟುಕೊಂಡದ್ದರಿಂದಲೇ ಆ ಹಗ್ಗ ಬಿಚ್ಚುವ ಕೆಲಸ ಪೂರ್ತಿಯಾಯಿತು. ಪೊಲೀಸರ ಲಾಠಿಯೊಂದೇ ಇದ್ದಿದ್ದರೆ ಕರಡಿಗಳು ಇನ್ನೊಂದು ಊರಿನಲ್ಲಿ ಕದ್ದುಮುಚ್ಚಿ ಕುಣಿಯುತ್ತಿದ್ದವು.

ಕೊನೆಯ ಮಾತು

ಇಂಥ ಕಥೆಗಳನ್ನು ಅಳೆಯಲು ಒಂದೆರಡು ಸರಳ ಪ್ರಶ್ನೆಗಳನ್ನು ಇಟ್ಟುಕೊಳ್ಳಬಹುದು. ಪ್ರಾಣಿ ಬೋನಿನಿಂದ ಹೊರಬಂದ ಮೇಲೆ ಕಥೆ ಎಷ್ಟು ದೂರ ಅದರ ಜೊತೆ ನಡೆಯುತ್ತದೆ? ಅದಕ್ಕೆ ಉಣಿಸುವವರು, ತೊಳೆಯುವವರು, ಅದರಿಂದ ಕೆಲಸ ಕಳೆದುಕೊಂಡವರು ಕಥೆಯೊಳಗೆ ಬರುತ್ತಾರೆಯೇ? ಆಶ್ರಯತಾಣಗಳಿಗೂ ಇಂಥದೇ ಪರೀಕ್ಷೆ ಇದೆ. ಅಲ್ಲಿ ಮರಿ ಹುಟ್ಟುತ್ತವೆಯೇ, ಮರಿಯ ಜೊತೆ ಫೋಟೊ ಸಿಗುತ್ತದೆಯೇ ಎಂದು ಕೇಳಿದರೆ ಸಾಕು. ಹೌದು ಎಂದರೆ ಅದು ಹೆಸರು ಬದಲಿಸಿದ ಸರ್ಕಸ್ಸು.

2001ರಲ್ಲಿ ತೀರ್ಪು ಬಂದಾಗ ಬೆಳೆದು ನಿಂತಿದ್ದ ಸಿಂಹಗಳು ಇಂದು ಇರಲಾರವು. ಸಿಂಹದ ಆಯಸ್ಸು ಅಷ್ಟು ದೀರ್ಘವಲ್ಲ. ಅವು ಮರಿಗಳನ್ನು ಬಿಟ್ಟುಹೋಗಬಾರದು ಎಂಬುದೇ ವ್ಯವಸ್ಥೆಯ ಉದ್ದೇಶವಾಗಿತ್ತು. ಒಂದೊಂದಾಗಿ ಕೋಣೆಗಳು ಖಾಲಿಯಾದಾಗ ಅಲ್ಲಿ ಕ್ಯಾಮೆರಾಗಳು ಇರಲಿಲ್ಲ. ಮಾಂಸದ ಲೆಕ್ಕದ ಪುಸ್ತಕದಲ್ಲಿ ಆ ದಿನದಿಂದ ಎಂಟು ಕಿಲೋ ಕಡಿಮೆಯಾಗಿರುತ್ತದೆ, ಅಷ್ಟೇ. ಡೇರೆಯೊಳಗೆ ಕೂತು ಚಪ್ಪಾಳೆ ತಟ್ಟಿದ ಒಂದು ಸಮಾಜ ತನ್ನ ಸಾಲವನ್ನು ತೀರಿಸಿದ ದಾಖಲೆ ಎಲ್ಲಿದೆ ಎಂದು ಕೇಳಿದರೆ, ಆ ಲೆಕ್ಕದ ಪುಸ್ತಕವನ್ನೇ ತೋರಿಸಬೇಕು.